ಎಂಟು ಚೀಲ ಮಾವಿನ ಪೆಲೆಟ್

ವೀರಮ್ಮನಿಗೆ ಕಾಶಿಯಲ್ಲಿ ಸಾಯುವ ಆಸೆ ಇರಲಿಲ್ಲ.

ಬೇರೆ ಊರಿನಲ್ಲಿ ಇದು ಹೇಳಬೇಕಾದ ಮಾತೇ ಅಲ್ಲ. ಕಾಶಿಯಲ್ಲಿ ಇದೊಂದು ಕೊರತೆ, ಆಧಾರ್ ಕಾರ್ಡ್ ಇಲ್ಲದ ಹಾಗೆ. ಎಂಬತ್ತು ಹತ್ತಿರವಾದ ಹೆಂಗಸು ಕಾಲು ಮುರಿದುಕೊಂಡು ಸೋನಾರ್‌ಪುರದ ಗಲ್ಲಿಯಲ್ಲಿ ಮಲಗಿದ್ದಾಳೆ ಅಂದರೆ ಸುತ್ತಲಿನವರು ಮರುಕಪಡುವುದಿಲ್ಲ, ಹೊಟ್ಟೆಕಿಚ್ಚು ಪಡುತ್ತಾರೆ. ಹಾಲು ಹಾಕುವವನು ಕೂಡ ದಿನಾ ಬೆಳಿಗ್ಗೆ, "ಅಮ್ಮಾಜಿ ಇನ್ನೂ ಇದ್ದಾರಾ? ಇರಲಿ, ಇರಲಿ. ಜಾಗ ಒಳ್ಳೇದು ಸಿಕ್ಕಿದೆ" ಎಂದು ಹೇಳಿ ಹೋಗುತ್ತಿದ್ದ.

ವೀರಮ್ಮ ಗದಗಿನ ಕಡೆಯ ಹಳ್ಳಿಯಿಂದ ಕಾರ್ತಿಕದಲ್ಲಿ ಹದಿನೈದು ದಿನಕ್ಕೆಂದು ಮಗನ ಮನೆಗೆ ಬಂದವಳು. ಹದಿಮೂರನೆಯ ದಿನ ಘಾಟಿನ ಮೆಟ್ಟಿಲಲ್ಲಿ ಜಾರಿ ಬಲಗಾಲು ಮುರಿಯಿತು. ಪ್ಲಾಸ್ಟರ್ ತೊಡೆಯವರೆಗೆ ಬಂತು. ಶಿವರಾತ್ರಿಯವರೆಗೆ ರೈಲು ಹತ್ತಿಸಬೇಡಿ ಎಂದರು ಆಸ್ಪತ್ರೆಯವರು. ಮಗ ಕುಮಾರಯ್ಯ ಶಿವರಾತ್ರಿಯ ಮರುದಿನಕ್ಕೆ ಒಂದು ಲೋವರ್ ಬರ್ತ್ ಕಾಯ್ದಿರಿಸಿದ. ಅಲ್ಲಿಯವರೆಗೆ ಅವಳನ್ನು ಬದುಕಿಸಿಟ್ಟುಕೊಳ್ಳುವುದಷ್ಟೇ ಕೆಲಸ.

"ನಿಮ್ಮಪ್ಪನ ಮಗ್ಗಲಾಗ ಮೂರು ಮೊಳ ಜಾಗ ಬಿಡಿಸಿ ಇಟ್ಟು ಬಂದೇನಿ," ಎಂದು ವೀರಮ್ಮ ದಿನಕ್ಕೆರಡು ಸಲ ನೆನಪಿಸುತ್ತಿದ್ದಳು. "ನಾ ಕುಂತು ಹೋಗಾಕಿ. ಕೈಯಾಗ ಲಿಂಗ ಇರಬೇಕು, ಮ್ಯಾಲೆ ಮಣ್ಣು ಇರಬೇಕು. ಈ ಊರಾಗ ನನ್ನ ಬೆಂಕಿಗೆ ಕೊಟ್ಟಿ ಅಂದ್ರ ನೀ ನನ್ನ ಮಗಾನs ಅಲ್ಲ, ಕುಮಾರ."

"ಆಗೂದಿಲ್ಲ ಬಿಡಬೇ ಅವ್ವ," ಎನ್ನುತ್ತಿದ್ದ ಕುಮಾರಯ್ಯ.

ಕುಮಾರಯ್ಯ ಇಲ್ಲಿನ ಕನ್ನಡ ಮಠವೊಂದರ ಯಾತ್ರಿ ನಿವಾಸದಲ್ಲಿ ಗುಮಾಸ್ತ. ಕಾಶಿಗೆ ಬಂದು ಎರಡು ವರ್ಷ. ಯಾವ ವಸ್ತುವನ್ನೇ ಆಗಲಿ ಕೊಳ್ಳುವ ಮೊದಲು ಅದರ ಬಗ್ಗೆ ಪೂರ್ತಿ ತಿಳಿಯಬೇಕು ಎಂಬುದು ಅವನ ತತ್ವ. ತಿಳಿದ ಮೇಲೆ ಕೊಳ್ಳಬೇಕು ಎಂಬುದು ತತ್ವದಲ್ಲಿ ಇರಲಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಆರಿಸಲು ಹತ್ತೊಂಬತ್ತು ದಿನ ತೆಗೆದುಕೊಂಡವನು. ಆ ಹತ್ತೊಂಬತ್ತು ದಿನವೂ ಅವನ ಹೆಂಡತಿ ರೇಖಾ ತೊಗರಿಬೇಳೆಯನ್ನು ಪಾತ್ರೆಯಲ್ಲಿ ಬೇಯಿಸಿದಳು. ಬೇಳೆಗೆ ಏನೂ ಆಗಲಿಲ್ಲ, ರೇಖಾಳ ಸ್ವಭಾವ ಸ್ವಲ್ಪ ಗಟ್ಟಿಯಾಯಿತು.

ಡಿಸೆಂಬರ್ ಕೊನೆಗೆ ಮಂಜು ಇಳಿಯಿತು. ಎದುರು ಮನೆ ಕಾಣದಾಯಿತು. ವೀರಮ್ಮ ನಾಲ್ಕು ರಜಾಯಿಗಳ ಕೆಳಗಿಂದ ಕೆಮ್ಮತೊಡಗಿದಳು. ಕರೆಂಟಿನ ಹೀಟರ್ ಹಚ್ಚಿದರೆ ಮೂರು ಮಹಡಿಯ ಫ್ಯೂಸೂ ಒಟ್ಟಿಗೆ ಹೋಗುತ್ತಿತ್ತು. ಕೆಳಗಿನ ಮನೆಯಲ್ಲಿದ್ದ ಮಾಲೀಕ ಮನೋಜ್ ಮೇಲೆ ಬಂದು ಕೈಮುಗಿದ: "ಕುಮಾರ್ ಭಾಯ್, ಅಮ್ಮಾಜಿ ನಮ್ಮ ಅಮ್ಮಾಜಿ ಇದ್ದ ಹಾಗೆ. ಆದರೆ ಹೀಟರ್ ಬೇಡ." ಇದ್ದಿಲಿನ ಅಂಗೀಠಿ, ಅಂದರೆ ಅಗ್ಗಿಷ್ಟಿಕೆ, ಇಡಬಹುದಿತ್ತು. ಆದರೆ ಅಂಗೀಠಿ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ಪ್ರತಿ ಚಳಿಗಾಲ ಪತ್ರಿಕೆಯ ಮೂರನೇ ಪುಟದಲ್ಲಿ ಬರುತ್ತದೆ. ಕುಮಾರಯ್ಯ ಮೂರನೇ ಪುಟವನ್ನು ಮೊದಲು ಓದುವವನು.

ಆಗ ಅವನಿಗೆ ಮಠದ ಉಗ್ರಾಣದಲ್ಲಿದ್ದ ಕಬ್ಬಿಣದ ಒಲೆ ನೆನಪಾಯಿತು. ಹಿಮಾಚಲದಲ್ಲಿ ಹೋಟೆಲ್ ನಡೆಸುವ ಭಕ್ತರೊಬ್ಬರು ಕೊಟ್ಟದ್ದು. ಹೊಗೆ ಕೊಳವೆ ಕಿಟಕಿಯಿಂದ ಹೊರಗೆ ಹೋಗುತ್ತದೆ, ಶಾಖ ಒಳಗೇ ಉಳಿಯುತ್ತದೆ. ಉಗ್ರಾಣದ ಹಿರಿಯರಾದ ಗುರುಪಾದಯ್ಯನವರು ಬೀಗ ತೆಗೆದುಕೊಟ್ಟರು.

"ಒಯ್ಯಪಾ. ಬಂದ ದಿನದಿಂದ ಇದು ಬೂದಿ ಕಂಡಿಲ್ಲ."

"ಇದಕ್ಕ ಏನು ಹಾಕಬೇಕ್ರಿ ಅಜ್ಜಾರ?"

"ಪೆಲೆಟ್ ಅಂತ. ಕಟಿಗಿ ಪುಡೀನ ಒತ್ತಿ ಸೀಮೆಸುಣ್ಣದ ತುಂಡಿನಂಗ ಮಾಡಿರ್ತಾರ. ಅಂವಾ ಒಂದು ಚೀಲ ಕೊಟ್ಟಿದ್ದ, ಇಲಿ ತಿಂದು ಮುಗಿಸಿದ್ವು."

ಇಲ್ಲಿಂದ ಕುಮಾರಯ್ಯನ ವಿದ್ಯಾಭ್ಯಾಸ ಶುರುವಾಯಿತು. ಫೋನಿನಲ್ಲಿ ಕೆನಡಾದ ಗಡ್ಡದವನೊಬ್ಬ ಪೆಲೆಟ್ ಆರಿಸುವುದು ಹೇಗೆಂದು ಹೇಳುವ ಹನ್ನೊಂದು ವಿಡಿಯೋಗಳನ್ನು ನೋಡಿದ. ತೊಗಟೆ ಇರಬಾರದು. ತೇವ ಇರಬಾರದು. ಬೂದಿ ಕಡಿಮೆ ಬೀಳಬೇಕು. ಚೀಲದ ತಳದಲ್ಲಿ ಪುಡಿ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಒಳ್ಳೆಯ ಪೆಲೆಟ್ ನೀರಿನಲ್ಲಿ ಮುಳುಗಬೇಕು. ತೇಲಿದರೆ ಅದು ಪೆಲೆಟ್ ಅಲ್ಲ, ಮೋಸ.

ಕುಮಾರಯ್ಯ ಜೇಬಿನಲ್ಲಿ ಒಂದು ಸ್ಟೀಲಿನ ಲೋಟ, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಊರು ಸುತ್ತಿದ. ಇಟ್ಟಿಗೆ ಭಟ್ಟಿಗೆ ಮಾರುವವನ ಪೆಲೆಟ್ ಸಾಸಿವೆ ಕಡ್ಡಿಯದು, ತೇಲಿತು. ಊರಿನ ಲಂಕಾ ಎಂಬ ಪೇಟೆಯ ಹೋಟೆಲಿನವನು ಕೊಟ್ಟದ್ದು ಕಬ್ಬಿನ ಸಿಪ್ಪೆಯದು, ಅದೂ ತೇಲಿತು. ಒಂದು ಕಡೆ ಕಚ್ಚಿ ನೋಡಿ, "ಇದರಲ್ಲಿ ಬೇವು ಇದೆ" ಎಂದ. ಅಂಗಡಿಯವನು ತನ್ನ ಜೀವಮಾನದಲ್ಲಿ ಸರಕನ್ನು ಯಾರೂ ತಿಂದು ನೋಡಿರಲಿಲ್ಲವೆಂದು ಅವನಿಗೆ ಚಹಾ ಕೊಟ್ಟ.

ಹೀಗೆ ಹನ್ನೊಂದು ದಿನ ಕಳೆದವು. ಒಲೆ ಮೂಲೆಯಲ್ಲಿ ತಣ್ಣಗೆ ಕೂತಿತ್ತು. ಅದರ ಮೇಲೆ ರೇಖಾ ಒದ್ದೆ ಕಾಲುಚೀಲ ಹಾಕುತ್ತಿದ್ದಳು. ಅವು ಒಣಗುತ್ತಿರಲಿಲ್ಲ.

"ಏನ್ರಿ, ತೇಲೂದು ಸೈತ ಉರೀತೈತಿ ಅಲ್ಲ? ತರ್ರಿ ಒಂದು ಚೀಲ," ಎಂದಳು.

"ಅದರ ಬೂದಿ ಪ್ರಮಾಣ ಎಷ್ಟು ಗೊತ್ತೇನು ನಿನಗ?"

"ನನಗ ಅತ್ತೀ ಕೆಮ್ಮಿನ ಪ್ರಮಾಣ ಗೊತ್ತೈತಿ."

ಹನ್ನೆರಡನೆಯ ದಿನ ಕುಮಾರಯ್ಯ ಸೋನಾರ್‌ಪುರದ ಆಚೆ, ಘಾಟಿಗೆ ಇಳಿಯುವ ರಸ್ತೆಯಲ್ಲಿ ಒಂದು ಕಟ್ಟಿಗೆ ಟಾಲನ್ನು ಕಂಡ. ಟಾಲ್ ಅಂದರೆ ಕಟ್ಟಿಗೆಯ ಡಿಪೋ. ಮನೆಯೆತ್ತರ ಮಾವಿನ ತುಂಡುಗಳ ರಾಶಿ, ನಡುವೆ ಆಳೆತ್ತರದ ತಕ್ಕಡಿ. ಈ ಊರಿನಲ್ಲಿ ಹುಟ್ಟಿದ ಮೂರು ವರ್ಷದ ಮಗುವಿಗೂ ಆ ಟಾಲಿನಲ್ಲಿ ಕಟ್ಟಿಗೆ ಯಾರು, ಯಾವಾಗ, ಯಾಕೆ ಕೊಳ್ಳುತ್ತಾರೆಂದು ಗೊತ್ತು. ಕುಮಾರಯ್ಯನಿಗೆ ಗೊತ್ತಿರಲಿಲ್ಲ. ಅವನ ವಂಶದಲ್ಲಿ ಯಾರನ್ನೂ ಸುಟ್ಟಿರಲಿಲ್ಲ. ಆ ಘಾಟಿನ ಕಡೆ ಅವನು ಕಾಲಿಟ್ಟವನಲ್ಲ. ಅವನು ಕಂಡದ್ದು ಮಾವಿನ ಕಟ್ಟಿಗೆ, ತೊಗಟೆ ಸುಲಿದದ್ದು. ಪಕ್ಕದಲ್ಲಿ ಗೋಣಿಚೀಲಗಳಲ್ಲಿ ಪೆಲೆಟ್.

"ಇದು ಕೂಡ ಮಾವಾ?" ಎಂದು ತನ್ನ ಯಾತ್ರಿ ನಿವಾಸದ ಹಿಂದಿಯಲ್ಲಿ ಕೇಳಿದ.

"ಶುದ್ಧ ಮಾವು. ಈಗ ಓದಿದ ಜನ ಪೆಲೆಟ್ಟನ್ನೇ ಕೇಳ್ತಾರೆ, ಹೊಗೆ ಕಡಿಮೆ," ಎಂದ ಟಾಲಿನ ಸೇಠ್. ಆಮೇಲೆ ದನಿ ತಗ್ಗಿಸಿದ. "ಯಾರಿಗೆ?"

"ತಾಯಿಗೆ."

ಸೇಠ್ ಕಣ್ಣು ಮುಚ್ಚಿ ಕೈಮುಗಿದ. "ವಯಸ್ಸು? ತೂಕ?"

ಕುಮಾರಯ್ಯನಿಗೆ ರೋಮಾಂಚನವಾಯಿತು. ಹನ್ನೆರಡು ದಿನದಲ್ಲಿ ಇಂಥ ವೈಜ್ಞಾನಿಕ ಪ್ರಶ್ನೆಯನ್ನು ಕೇಳಿದ ಮೊದಲ ವ್ಯಾಪಾರಿ ಇವನು. "ಎಪ್ಪತ್ತೆಂಟು. ನಲವತ್ತು ಕಿಲೋ ಇರಬಹುದು. ತುಂಬಾ ಸಣ್ಣ."

"ಹಾಗಾದರೆ ಕಡಿಮೆ ಸಾಕು. ಯಾವಾಗಿನಿಂದ ಹೀಗೆ?"

"ಕಾರ್ತಿಕದಿಂದ."

ಸೇಠ್‌ನ ಪೆನ್ನು ಕೆಳಗೆ ಬಿತ್ತು. "ಕಾರ್ತಿಕದಿಂದ ಮನೆಯಲ್ಲೇ ಇಟ್ಟುಕೊಂಡಿದ್ದೀರಾ?"

"ಮತ್ತೆಲ್ಲಿ ಇಡೋಣ? ಶಿವರಾತ್ರಿವರೆಗೆ ಇಟ್ಟುಕೊಂಡು, ಆಮೇಲೆ ಊರಿಗೆ ಕಳಿಸೋದು. ಎಂಟು ಚೀಲ ಕೊಡಿ. ಮನೆಗೆ ತಂದು ಹಾಕಬೇಕು, ಎರಡನೇ ಮಹಡಿ."

"ಮನೆಗಾ? ಘಾಟಿಗಲ್ಲವಾ?"

"ನಮ್ಮ ಹತ್ತಿರ ಸ್ವಂತ ಒಲೆ ಇದೆ," ಎಂದ ಕುಮಾರಯ್ಯ ಹೆಮ್ಮೆಯಿಂದ.

ಸೇಠ್ ಮೂವತ್ತು ವರ್ಷದಿಂದ ಈ ವ್ಯಾಪಾರದಲ್ಲಿದ್ದವನು. ನೇಣು ನೋಡಿದ್ದ, ನೀರಲ್ಲಿ ಊದಿದವರನ್ನು ನೋಡಿದ್ದ, ಅರ್ಧ ಸುಟ್ಟಾಗ ಆಸ್ತಿಗೆ ಹೊಡೆದಾಡಿದ ಅಣ್ಣತಮ್ಮಂದಿರನ್ನು ನೋಡಿದ್ದ. ಸ್ವಂತ ಒಲೆಯವರನ್ನು ನೋಡಿರಲಿಲ್ಲ. ದಕ್ಷಿಣದವರ ಪದ್ಧತಿ ಬೇರೆ ಇರಬೇಕು ಎಂದು ಸಮಾಧಾನ ಮಾಡಿಕೊಂಡ. ಬೇಗ ಹೊತ್ತಿಕೊಳ್ಳಲು ಏನಾದರೂ ಬೇಕೆಂದು ಕುಮಾರಯ್ಯ ಕೇಳಿದಾಗ ವಾಡಿಕೆಯಂತೆ ರಾಳದ ಪುಡಿ, ಒಂದು ಡಬ್ಬಿ ತುಪ್ಪ, ಗಂಧದ ಚಕ್ಕೆ ಇಟ್ಟ. ಕೆನಡಾದವನು ಕೂಡ ಹೊತ್ತಿಸಲು ರಾಳದಂಥದ್ದನ್ನೇ ಹೇಳಿದ್ದ. ಕುಮಾರಯ್ಯ ಎಲ್ಲವನ್ನೂ ತೆಗೆದುಕೊಂಡ.

ಮರುದಿನ ಬೆಳಿಗ್ಗೆ, ಜನವರಿ ಆರರಂದು, ಟಾಲಿನ ಠೇಲಾ ಗಲ್ಲಿಗೆ ಬಂತು. ಆ ತಳ್ಳುಗಾಡಿ ಎಲ್ಲರಿಗೂ ಗೊತ್ತು. ಅದು ಯಾವಾಗಲೂ ಬಲಕ್ಕೆ ತಿರುಗಿ ಘಾಟಿಗೆ ಇಳಿಯುತ್ತದೆ. ಅವತ್ತು ಎಡಕ್ಕೆ ತಿರುಗಿತು. ಪಾನ್ ಅಂಗಡಿಯವನು ಅರ್ಧ ಶಟರ್ ಎಳೆದ. ಕಚೋರಿಯವನು ಬಾಣಲೆ ಇಳಿಸಿದ. ಠೇಲಾದವನು ಮನೋಜನ ಬಾಗಿಲಲ್ಲಿ ನಿಲ್ಲಿಸಿ, ಚೀಲಗಳನ್ನು ಹೊತ್ತು ಮೇಲೆ ಹಾಕಿ ಬಂದು, ಬೆವರು ಒರೆಸಿಕೊಂಡ.

"ದಕ್ಷಿಣದ ಅಮ್ಮಾಜಿ. ಕಾರ್ತಿಕದಲ್ಲೇ ಹೋಗಿಬಿಟ್ಟಿದ್ದಾರಂತೆ. ಇವತ್ತು ಮನೆಯಲ್ಲೇ ಸುಡ್ತಾರಂತೆ."

ಹೀಟರ್ ಬೇಡವೆನ್ನಲು ಮೇಲೆ ಹೋದಾಗ ರಜಾಯಿಗಳ ರಾಶಿಯಷ್ಟೇ ಕಂಡದ್ದು ನೆನಪಾಗಿ ಮನೋಜ್‌ಗೆ ಮೊದಲು ಅಳು ಬಂತು. ಎರಡನೆಯ ವಾಕ್ಯ ತಲೆಗೆ ಇಳಿದಾಗ ಅಳು ನಿಂತಿತು. "ನನ್ನ ಮನೆಯಲ್ಲಾ? ಲೇ, ಕಳೆದ ವರ್ಷ ಪೇಂಟ್ ಮಾಡಿಸಿದ್ದೇನೆ!"

ಅವನು ಚಪ್ಪಲಿ ಇಲ್ಲದೆ ಓಡಿದ. ಕಾನೂನಿನ ಪ್ರಕಾರ ಎಲ್ಲ ಘಾಟಿನಲ್ಲೇ ಆಗಬೇಕೆಂದು ಘಾಟಿನ ಪಕ್ಕದ ನೋಂದಣಿ ಕೌಂಟರಿನಲ್ಲಿ ವೀರಮ್ಮನ ಹೆಸರು ಬರೆಸಿ, ಚೀಟಿಗೆ ಮೊಹರು ಹಾಕಿಸಿದ. ಅಲ್ಲಿಂದ ಹನುಮಾನ್ ಘಾಟಿಗೆ ಓಡಿ ಶ್ರೀನಿವಾಸ ಶಾಸ್ತ್ರಿಗಳನ್ನು ಎಬ್ಬಿಸಿದ. ಶಾಸ್ತ್ರಿಗಳು ಮೂರು ತಲೆಮಾರಿನಿಂದ ಇಲ್ಲಿ ಯಾತ್ರಿಕರಿಗೆ ಅಪರಕರ್ಮ ಮಾಡಿಸುವವರು, ಗಲ್ಲಿಯ ಪಾಲಿಗೆ ಕನ್ನಡದವರಿಗೆ ಬುದ್ಧಿ ಹೇಳಬಲ್ಲ ಒಬ್ಬರೇ ಮನುಷ್ಯ.

ಶಾಸ್ತ್ರಿಗಳು ಗಂಗಾಜಲದ ತಂಬಿಗೆ ಹಿಡಿದು ಮೆಟ್ಟಿಲು ಹತ್ತಿದರು. ಹಿಂದೆ ಮನೋಜ್, ಅವನ ಹಿಂದೆ ಇಡೀ ಗಲ್ಲಿ. ರೇಖಾ ಒಲೆಯ ಹೊಗೆ ಕೊಳವೆ ತಿರುಗಿಸುವ ಮೊಣಕೈ ತುಂಡು ತರಲು ಲಂಕಾಕ್ಕೆ ಹೋಗಿದ್ದಳು. ಕುಮಾರಯ್ಯ ತಾರಸಿಯಲ್ಲಿ ಎಂಟೂ ಚೀಲದಿಂದ ಒಂದೊಂದು ಪೆಲೆಟ್ ತೆಗೆದು ಲೋಟದಲ್ಲಿ ಪರೀಕ್ಷೆ ಮಾಡುತ್ತಿದ್ದ.

ಕೋಣೆಯಲ್ಲಿ ವೀರಮ್ಮ ಗೋಡೆಗೆ ಒರಗಿ ಕೂತಿದ್ದಳು. ಅದು ಅವಳ ಲಿಂಗಪೂಜೆಯ ಹೊತ್ತು. ಹಣೆ, ತೋಳು, ಕುತ್ತಿಗೆಗೆ ವಿಭೂತಿ ಬಳಿದುಕೊಂಡು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಕಣ್ಣು ಮುಚ್ಚಿದ್ದಳು. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವಳು ಮಾತಾಡುತ್ತಿರಲಿಲ್ಲ. ಅರವತ್ತು ವರ್ಷದ ನೇಮ. ಪೂಜೆ ಮುಗಿಯುವವರೆಗೆ ಬಾಯಿಗೆ ಹನಿ ನೀರೂ ಇಲ್ಲ.

"ಅಮ್ಮಾಜಿ?" ಎಂದ ಮನೋಜ್.

"ಮುಖ ನೋಡಿ, ಎಷ್ಟು ಬಿಳಚಿಕೊಂಡಿದೆ," ಎಂದಳು ಮನೋಜನ ಹೆಂಡತಿ. "ಪಾಪ, ಕೂರಿಸಿಯೇ ಇಟ್ಟಿದ್ದಾರೆ."

ಶಾಸ್ತ್ರಿಗಳು ಅನುಭವಸ್ಥರು. ಸುಮ್ಮನೆ ನಂಬುವವರಲ್ಲ. ರಜಾಯಿಯ ಒಳಗೆ ಕೈ ಹಾಕಿ ಕಾಲು ಮುಟ್ಟಿ ನೋಡಿದರು. ತಣ್ಣಗೆ, ಕಲ್ಲಿನ ಹಾಗಿತ್ತು. ಚಿವುಟಿದರು. ಕದಲಲಿಲ್ಲ. ಅದು ಪ್ಲಾಸ್ಟರು.

"ಹೋಗಿಬಿಟ್ಟಿದ್ದಾರೆ," ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಬಾಯಿಗೆ ಗಂಗೆಯನ್ನಾದರೂ ಯಾರೂ ಬಿಟ್ಟಿಲ್ಲ, ಅನಾಥರ ಹಾಗೆ." ವೀರಮ್ಮನ ಗಲ್ಲ ಹಿಡಿದು, ತಲೆ ಹಿಂದಕ್ಕೆ ಬಾಗಿಸಿ, ತುಳಸಿ ದಳ ಇಟ್ಟು, ಜನವರಿಯ ಗಂಗೆಯನ್ನು ಧಾರಾಳವಾಗಿ ಬಿಟ್ಟರು.

ವೀರಮ್ಮ ಕಣ್ಣು ಬಿಟ್ಟಳು. ಉಸಿರು ಎಳೆದುಕೊಂಡಳು, ಗಂಗೆಯೂ ಅದರ ಜೊತೆ ಒಳಗೆ ಹೋಯಿತು. ಅವಳು ಕೆಮ್ಮಿದ ಸದ್ದಿಗೆ ಮನೋಜನ ಹೆಂಡತಿ ಮೂರ್ಛೆ ಹೋದಳು. ಮನೋಜ್ ಬಾಗಿಲಿಗೆ ಬಡಿದುಕೊಂಡ. ಯಾರೋ "ಹರ ಹರ ಮಹಾದೇವ್" ಎಂದು ಕೂಗಿದರು.

"ಯಾವನೋ ಅಂವಾ ನನ್ನ ಪೂಜಿ ಕೆಡಿಸಿದಾಂವಾ!" ಎಂದಳು ವೀರಮ್ಮ, ತುಳಸಿಯನ್ನು ಶಾಸ್ತ್ರಿಗಳ ಮೇಲೆ ಉಗಿಯುತ್ತ.

ಅದೇ ಕ್ಷಣಕ್ಕೆ ಕುಮಾರಯ್ಯ ಲೋಟ ಎತ್ತಿ ಹಿಡಿದುಕೊಂಡು ಒಳಗೆ ನುಗ್ಗಿದ. ಅವನ ಮುಖ ಬೆಳಗುತ್ತಿತ್ತು.

"ಮುಳುಗಿತು! ಅವ್ವಾ, ಎಂಟಕ್ಕ ಎಂಟೂ ಮುಳುಗಿದ್ವು!"

ವಿಷಯ ತಿಳಿಯಾದಾಗ ಎಲ್ಲರೂ ನಕ್ಕರು. ಮನೋಜ್ ಜಿಲೇಬಿ ತರಿಸಿದ. ಶಾಸ್ತ್ರಿಗಳು ವೀರಮ್ಮನ ಪ್ಲಾಸ್ಟರಿನ ಕಾಲಿಗೆ ಬಿದ್ದು ಕ್ಷಮೆ ಕೇಳಿದರು. "ಗಂಡು ಮಗ ಅದಿ, ಕಣ್ಣು ಇದ್ದಾವಲ್ಲ ನಿನಗ?" ಎಂದು ಅವಳು ಕೇಳಿದಳು.

ಒಲೆ ಅವತ್ತು ಮಧ್ಯಾಹ್ನ ಹೊತ್ತಿತು. ರಾಳ ಮೊದಲು ಗೋಡೆಯನ್ನು ಕಪ್ಪು ಮಾಡಿತು, ಆಮೇಲೆ ಪೆಲೆಟ್ ನೀಲಿ ಜ್ವಾಲೆಯಲ್ಲಿ ಉರಿಯಿತು. ಬೂದಿ ಒಂದು ಚಮಚ ಬಿತ್ತು. ಕುಮಾರಯ್ಯ ಅದನ್ನು ತೂಕ ಮಾಡಿದ. ಆದರೆ ಕೋಣೆ ಬೆಚ್ಚಗಾಗಲಿಲ್ಲ, ಯಾಕೆಂದರೆ ಬಾಗಿಲು ಮುಚ್ಚಲಿಲ್ಲ. ಸತ್ತು ಎದ್ದು ಬಂದ ಅಮ್ಮಾಜಿಯನ್ನು ನೋಡಲು ಮೂರು ದಿನ ಜನ ಬಂದರು. "ಬಾಗಿಲು ಹಾಕಿ" ಎಂದು ಕುಮಾರಯ್ಯ ಹಿಂದಿಯಲ್ಲಿ ಬರೆದು ಅಂಟಿಸಿದ. ಪವಾಡ ನೋಡಲು ಬಂದವರು ಬೋರ್ಡು ಓದುವುದಿಲ್ಲ. ಬಂದವರೆಲ್ಲ ಒಂದೊಂದು ಚಮಚ ಗಂಗಾಜಲ ಕುಡಿಸಿ ಹೋಗಲು ನೋಡಿದರು. ರೇಖಾ ಮೊದಲು ಬೇಡಿಕೊಂಡಳು, ಆಮೇಲೆ ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತಳು.

ನಾಲ್ಕನೆಯ ದಿನ ಜ್ವರ ಬಂತು. ಮಠಕ್ಕೆ ಬಂದು ಹೋಗುವ ಮೈಸೂರಿನ ಡಾಕ್ಟರ್ ಶರಣ್ಯಾ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ನೀರು ಶ್ವಾಸಕೋಶಕ್ಕೆ ಇಳಿದಿದೆ. ಈಗಲೇ ಅಡ್ಮಿಟ್ ಮಾಡಿ."

"ದವಾಖಾನಿ ಬ್ಯಾಡ," ಎಂದಳು ವೀರಮ್ಮ. "ಅಲ್ಲಿಂದ ಸೀದಾ ಘಾಟಿಗೆ ಒಯ್ತಾರ. ನನ್ನ ಊರಿಗೆ ಒಯ್ಯಿ, ಕುಮಾರ. ಇವತ್ತs ಒಯ್ಯಿ."

ಡಾಕ್ಟರು ಯೋಚಿಸಿ, ಆಮ್ಲಜನಕ ಇರುವ ಆಂಬ್ಯುಲೆನ್ಸ್ ಆದರೆ, ಇವತ್ತೇ ಹೊರಟರೆ, ಒಂದು ಪ್ರಯತ್ನ ಮಾಡಬಹುದು ಎಂದರು. ಮಾತ್ರೆ, ಇಂಜೆಕ್ಷನ್ ಬರೆದುಕೊಟ್ಟರು.

ಕುಮಾರಯ್ಯ ಆಂಬ್ಯುಲೆನ್ಸ್‌ಗಳ ಬಗ್ಗೆ ತಿಳಿಯತೊಡಗಿದ. ಒಂದರಲ್ಲಿ ಹೀಟರ್ ಇರಲಿಲ್ಲ. ಇನ್ನೊಂದರ ಟೈರಿನ ಗೀರು ಸವೆದಿತ್ತು. ಮೂರನೆಯದರ ಸಿಲಿಂಡರ್ ಸಣ್ಣದು. ನಾಲ್ಕನೆಯದರ ಒಳಗೆ ಮಲಗಿ ನೋಡಿ ಸ್ಪ್ರಿಂಗ್ ಗಟ್ಟಿ ಎಂದ.

"ಯಾವುದರೆ ಒಂದು ತರ್ರಿ!" ಎಂದಳು ರೇಖಾ. "ಆರಿಸಿದ್ದು ಸಾಕು, ನಿಮ್ಮ ಕಾಲಿಗೆ ಬೀಳ್ತೀನಿ."

"ಎರಡು ಸಾವಿರ ಕಿಲೋಮೀಟರ್ ಹತ್ತಿರ ಹತ್ತಿರ. ಸಿಕ್ಕದ್ದು ತಂದರ ಆಗ್ತೈತೇನು?"

ಹೀಗೆ ನಾಲ್ಕು ದಿನ ಕಳೆದ ಮೇಲೆ ಐದನೆಯದನ್ನು ಅವನು ಒಪ್ಪಿದ. ಜನವರಿ ಹದಿನೈದರ ಬೆಳಿಗ್ಗೆ ಎಂಟಕ್ಕೆ ಬರಬೇಕಿತ್ತು. ವೀರಮ್ಮ ಏಳಕ್ಕೆ ಸತ್ತಳು. ಜನ ಬರುವುದು ನಿಂತು ಬಾಗಿಲು ಮುಚ್ಚಿದ್ದರಿಂದ ಕೋಣೆ ಆಗ ಇಪ್ಪತ್ತನಾಲ್ಕು ಡಿಗ್ರಿ ಇತ್ತು. ಒಲೆ ಅಷ್ಟು ಚೆನ್ನಾಗಿ ಹಿಂದೆಂದೂ ಉರಿದಿರಲಿಲ್ಲ.

ಈ ಸಲ ಯಾರೂ ಅವಸರ ಮಾಡಲಿಲ್ಲ. ಮನೋಜ್ ಬಾಗಿಲಲ್ಲೇ ನಿಂತು, "ನಿಜವಾಗಿಯೂನಾ?" ಎಂದ. ಕನ್ನಡಿ ತಂದು ಮೂಗಿಗೆ ಹಿಡಿದ. ಅರ್ಧ ಗಂಟೆ ಕಾದ. "ಇನ್ನೊಂದು ಸಲ ನೀರು ಹಾಕಿ ನೋಡೋಣವಾ?" ಎಂದು ಕೇಳಿದಾಗ ರೇಖಾ ಅವನನ್ನು ಮೆಟ್ಟಿಲವರೆಗೆ ತಳ್ಳಿಕೊಂಡು ಹೋದಳು.

ಆಂಬ್ಯುಲೆನ್ಸ್ ಸರಿಯಾಗಿ ಎಂಟಕ್ಕೆ ಬಂತು. ಜೀವ ಇದ್ದವರಾದರೆ ಹತ್ತಿಸಬಹುದಿತ್ತು, ಹೆಣಕ್ಕೆ ಚೀಟಿ ಬೇಕು, ನಾಲ್ಕು ರಾಜ್ಯ ದಾಟಬೇಕು ಎಂದ ಡ್ರೈವರ್. ಕುಮಾರಯ್ಯ ನೋಂದಣಿ ಕೌಂಟರಿಗೆ ಹೋದ. ಅಲ್ಲಿನ ಗುಮಾಸ್ತ ಪುಟ ತಿರುಗಿಸಿದ.

"ಇವರು ಆರನೇ ತಾರೀಕೇ ತೀರಿಹೋಗಿದ್ದಾರೆ."

"ಇಲ್ಲ ಸಾಹೇಬ್ರೇ, ಇವತ್ತು. ಬೆಳಿಗ್ಗೆ ಏಳಕ್ಕೆ."

"ದಹನವೂ ಆಗಿದೆ. ಮಾವಿನ ಪೆಲೆಟ್, ಎಂಟು ಚೀಲ. ಟಾಲಿನಿಂದ ಬಂದ ಲೆಕ್ಕ ಇಲ್ಲಿ ಬರೆದಿದೆ ನೋಡಿ."

"ಹಾಗಾದರೆ ಮನೆಯಲ್ಲಿರೋರು ಯಾರು?"

"ಅದನ್ನು ನಾನು ಕೇಳಬೇಕು. ನಾನು ಕೇಳೋಲ್ಲ. ಪೊಲೀಸರು ಕೇಳ್ತಾರೆ."

"ತಿದ್ದಿ ಕೊಡಿ."

"ತಿದ್ದೋಕೆ ಅವರೇ ಬಂದು, ನಾನು ಬದುಕಿದ್ದೇನೆ ಅಂತ ಸಹಿ ಹಾಕಬೇಕಿತ್ತು. ಒಂಬತ್ತು ದಿನ ಸಮಯ ಇತ್ತಲ್ಲ ಭಯ್ಯಾ. ಏನು ಮಾಡ್ತಿದ್ದಿರಿ?"

ಹಳೆಯ ಚೀಟಿಯನ್ನು ನೋಡಿ ಡ್ರೈವರ್ ಗಾಡಿ ತಿರುಗಿಸಿದ. ಒಂಬತ್ತು ದಿನದ, ಅದೂ ಸುಟ್ಟ ಹೆಣವನ್ನು ಅವನು ಸಾಗಿಸುವುದಿಲ್ಲ. ಕುಮಾರಯ್ಯ ಮಠಕ್ಕೆ ಹೋಗಿ ಗುರುಪಾದಯ್ಯನವರ ಮುಂದೆ ಕೂತ.

"ಅಜ್ಜಾರ, ಇಲ್ಲೇ ಎಲ್ಲರೆ ಒಂದು ಮೂರು ಮೊಳ ಮಣ್ಣು."

"ಇಲ್ಲಿ ಇರೂದು ಸ್ವಾಮಿಗಳಿಗಷ್ಟs, ಕುಮಾರ. ಐವತ್ತು ವರ್ಷ ಸೇವಾ ಮಾಡೇನಿ, ನನಗೂ ಇಲ್ಲಿ ಜಾಗ ಇಲ್ಲ." ಮುದುಕರು ಎದ್ದು ಅವನ ಹೆಗಲ ಮೇಲೆ ಕೈ ಇಟ್ಟರು. ಬೇರೆ ಏನೂ ಅವರ ಕೈಯಲ್ಲಿ ಇರಲಿಲ್ಲ.

ಚೀಟಿ ಕೇಳದೇ ಇದ್ದವನು ಟಾಲಿನ ಸೇಠ್ ಒಬ್ಬನೇ. "ನಿಮ್ಮ ಹೆಸರಲ್ಲಿ ಮೊದಲೇ ಬರೆದಿದೆಯಲ್ಲ," ಎಂದ. ಈ ಸಲ ಕಟ್ಟಿಗೆ ಎಂದು ಕುಮಾರಯ್ಯ ಹೇಳಿದ. ಯಾವ ಕಟ್ಟಿಗೆ ಎಂದು ಸೇಠ್ ಕೇಳಿದ. ಯಾವುದಾದರೂ, ಎಂದ ಕುಮಾರಯ್ಯ. ತನ್ನ ಜೀವನದಲ್ಲಿ ಅವನು ಆರಿಸದೆ ಕೊಂಡ ಮೊದಲ ವಸ್ತು ಅದು.

ಘಾಟಿನಲ್ಲಿ ಅವನು ಒಂದೇ ಒಂದು ಕೇಳಿಕೊಂಡ: ಕೂರಿಸಲು ಆಗುತ್ತದೆಯೇ? ಕೂತವರು ಉರುಳುತ್ತಾರೆ ಎಂದರು ಅಲ್ಲಿನ ಕೆಲಸದವರು, ಮಲಗಿಸಿದರು. ರೇಖಾ ಅತ್ತೆಯ ಎಡಗೈ ಬಿಡಿಸಿ ಲಿಂಗ ಇಟ್ಟು ಬೆರಳು ಮಡಚಿದಳು. ಶಾಸ್ತ್ರಿಗಳು ದೂರದಲ್ಲಿ ತಂಬಿಗೆ ಹಿಡಿದು ನಿಂತಿದ್ದರು. ಹತ್ತಿರ ಬರಲಿಲ್ಲ. ನೀರು ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಕಡ್ಡಿ ಹಿಡಿದು ಬೂದಿಯಲ್ಲಿ ಲಿಂಗ ಹುಡುಕಿದರು. ಸಿಗಲಿಲ್ಲ. ಮಾವಿನ ಕಟ್ಟಿಗೆಯಲ್ಲಿ ಬೂದಿ ಬಹಳ. ಅದನ್ನು ಕುಮಾರಯ್ಯ ಯಾರಿಗೂ ಹೇಳಲಿಲ್ಲ.

ಹೋದದ್ದು ಇಷ್ಟು: ಪೆಲೆಟ್ ಮೂರು ಚೀಲ. ರಾಳ ಒಂದು ಪೊಟ್ಟಣ. ಶಿವರಾತ್ರಿಯ ಮರುದಿನದ ಲೋವರ್ ಬರ್ತ್ ಒಂದು. ಹೊಲದಲ್ಲಿ ಗಂಡನ ಪಕ್ಕ ಮೂರು ಮೊಳ ಜಾಗ. ಇಷ್ಟಲಿಂಗ ಒಂದು. ತಾಯಿ ಒಬ್ಬಳು.